ಶಾಕಾನಂದ ಮೀಮಾಂಸೆ

ವಿಷಯ: ತರಕಾರಿ, ಹಣ್ಣು ತಿಂದರೆ ನೆಮ್ಮದಿ ಉಂಟೋ ಇಲ್ಲವೋ, ಉಂಟೆಂದಾದರೆ ಅದು ಮನೆಯಲ್ಲಿ ಯಾರ ಪಾಲಿಗೆ ಎಂಬ ಜಿಜ್ಞಾಸೆ.

ವಿಧಿ: ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು-ತರಕಾರಿ ತಿನ್ನತಕ್ಕದ್ದೆಂದು ವಿಶ್ವ ಆರೋಗ್ಯ ಸಂಸ್ಥೆಯ ವಚನ. ಆಲೂಗಡ್ಡೆ ಈ ಲೆಕ್ಕಕ್ಕೆ ಬಾರದೆಂದೂ ಅದೇ ಹೇಳಿರುವುದರಿಂದ ಆಲೂಬೋಂಡಾ ಪಂಥ ಅಲ್ಲಿಗೇ ಬಿದ್ದುಹೋಯಿತು. ಈರುಳ್ಳಿ ಪಕೋಡ ಪಂಥದವರು ಮಾತ್ರ ಮಳೆ ಬಂದಾಗಲೆಲ್ಲ ವಾದಕ್ಕೆ ಏಳುತ್ತಾರೆ.

ಪೂರ್ವಪಕ್ಷ: 2017ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ‘ಸ್ಮೈಲ್ಸ್’ ಪ್ರಯೋಗ. ಖಿನ್ನತೆಯಿದ್ದ 67 ಜನರನ್ನು ಎರಡು ಪಂಗಡ ಮಾಡಿ, ಒಂದಕ್ಕೆ ತರಕಾರಿ, ಹಣ್ಣು, ಕಾಳು, ಮೀನು ಎಂದು ಊಟ ತಿದ್ದಿದರು. ಇನ್ನೊಂದಕ್ಕೆ ಆತ್ಮೀಯ ಮಾತುಕತೆ. 12 ವಾರದ ಬಳಿಕ ಉಂಡವರಲ್ಲಿ ಶೇ. 32, ಮಾತಾಡಿದವರಲ್ಲಿ ಶೇ. 8 ಮಂದಿ ಖಿನ್ನತೆಯಿಂದ ಹೊರಬಂದಿದ್ದರು. ಆದ್ದರಿಂದ ಹರಟೆಗಿಂತ ಸೊಪ್ಪು ಮೇಲು ಎಂದು ವಾದ. ನಮ್ಮ ಕಡೆ ಈ ಪ್ರಯೋಗ ನಡೆಯದು. ಅವರೆಕಾಯಿ ಸುಲಿಯುವ ಜಗಲಿಯಲ್ಲಿ ಹರಟೆಯಿಲ್ಲದೆ ಒಂದು ಕಾಳೂ ಈಚೆ ಬಾರದಾದ್ದರಿಂದ ಪಂಗಡ ಬೇರ್ಪಡಿಸುವುದು ಅಸಾಧ್ಯ.

ಆಕ್ಷೇಪ: ಬಾಳೆಹಣ್ಣಿನಲ್ಲೇ ನೆಮ್ಮದಿಯ ರಾಸಾಯನಿಕವೆಂದು ಹೆಸರಾದ ಸಿರೊಟೋನಿನ್ ಇದೆಯಲ್ಲ, ಅದು ಸಾಲದೇ? ಸಾಲದು. ತಿಂದ ಸಿರೊಟೋನಿನ್‌ಗೆ ರಕ್ತದಿಂದ ಮಿದುಳಿಗೆ ದಾಟುವ ಪರವಾನಗಿಯಿಲ್ಲ. ನಂಜನಗೂಡು ರಸಬಾಳೆ ಕೊಡುವ ಆನಂದ ನಾಲಿಗೆಯ ಖಾತೆಗೆ ಜಮೆ.

ಸಂಶಯ: ಪಂಗಡ ಮಾಡಲಾಗದ ನಮ್ಮ ಮನೆಗಳಲ್ಲಿ ತಿಂದದ್ದಕ್ಕೆ ನೆಮ್ಮದಿಯೋ, ನೆಮ್ಮದಿಯಿದ್ದವರೇ ತಿಂದರೋ? ಇಂಥಲ್ಲಿ ಎರಡಕ್ಕೂ ಮೂಲವಾದ ಮೂರನೆಯ ಕಾರಣವನ್ನು ಹುಡುಕಿ ಎನ್ನುತ್ತಾರೆ ಸಂಖ್ಯಾಶಾಸ್ತ್ರಜ್ಞರು. ಹುಡುಕಿದೆವು. ಅದು ಅಡುಗೆಮನೆಯಲ್ಲಿ ಈಳಿಗೆಮಣೆಯ ಮೇಲೆ ಕೂತಿತ್ತು.

ಸಿದ್ಧಾಂತ: ಬೆರಕೆ ಸೊಪ್ಪಿನ ಒಂದು ಕಟ್ಟು ಬಸ್ಸಾರಾಗಬೇಕಾದರೆ ಹುಲ್ಲು ಆರಿಸಿ, ಎಲೆ ಬಿಡಿಸಿ, ಮಣ್ಣು ಹೋಗುವ ತನಕ ತೊಳೆದು, ಹೆಚ್ಚಿ, ಬೇಯಿಸಿ, ಬಸಿದು, ಖಾರ ರುಬ್ಬಬೇಕು. ಇಷ್ಟನ್ನೂ ಇನ್ನೊಬ್ಬರು ಮಾಡಿ ಬಡಿಸುವ ಮನೆಯಲ್ಲಿ ಉಣ್ಣುವವರಿಗೆ ಸೊಪ್ಪೂ ಸಿಕ್ಕಿತು, ನೆಮ್ಮದಿಯೂ ಸಿಕ್ಕಿತು. ಎರಡನೆಯದು ಮೊದಲನೆಯದರ ಫಲವೆಂದು ಅವರು ತಟ್ಟೆಯ ಮುಂದೆ ಕೂತು ತೀರ್ಮಾನಿಸಿದರು. ಸೊಪ್ಪು ಬಿಡಿಸಿದವರನ್ನೂ ಕರೆದು ‘ಹೇಗಿದೆ ಮನಸ್ಸು?’ ಎಂದು ಕೇಳಿ ಲೆಕ್ಕಕ್ಕೆ ಸೇರಿಸಿದರೆ ಆ ಮನೆಯ ಸರಾಸರಿ ಆನಂದ ಇಳಿಯುವುದು ನಿಶ್ಚಯ.

ಫಲಶ್ರುತಿ: ಈ ಮೀಮಾಂಸೆಯನ್ನು ಸೊಪ್ಪಿನ ಕಟ್ಟು ಬಿಚ್ಚಿಕೊಂಡು, ದಂಟು ಮುರಿಯುತ್ತ ಕೇಳಿದವರಿಗೆ 400 ಗ್ರಾಮಿನ ಪೂರ್ಣಫಲ. ಸೋಫಾದಲ್ಲಿ ಒರಗಿ ಪಠಿಸಿದವರಿಗೆ ಅದೇ ರಾತ್ರಿ ಬೆಲ್ಲ ಹಾಕದ ಹಾಗಲಕಾಯಿ ಗೊಜ್ಜು ಪ್ರಾಪ್ತಿ.