ಹಲ್ಲಿನ ಆಡಿಟರ್

ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿಗೆ ಹೋದರೂ ಇಂಥವರೊಬ್ಬರು ಸಿಗುತ್ತಾರೆ. ಲೆಕ್ಕಪತ್ರ ಇಲಾಖೆಯಿಂದ ನಿವೃತ್ತರಾದವರು. ಮಕ್ಕಳು ಚಿಕ್ಕವರಿದ್ದಾಗ ನಾಯಿ ಬೇಕೆಂದು ಅತ್ತರೆ, “ನೋಡ್ಕೊಳ್ಳೋರು ಯಾರು?” ಎಂಬ ಒಂದೇ ಪ್ರಶ್ನೆಯಲ್ಲಿ ಫೈಲು ಮುಚ್ಚಿದವರು. ಈಗ ಮೊಮ್ಮಗಳ ಹುಟ್ಟುಹಬ್ಬಕ್ಕೆ ಮಗ ಎರಡು ಗಿನಿಪಿಗ್ ತಂದಿದ್ದಾನೆ. ಅವಳ ಉತ್ಸಾಹ ಮುಂದಿನ ಭಾನುವಾರಕ್ಕೆಲ್ಲ ಇಳಿಯಿತು. ಮಫಿನ್ ಮತ್ತು ಕುಕಿಯ ಚಾರ್ಜ್ ತಾತನಿಗೆ ಬಂತು.

ಚಾರ್ಜ್ ತೆಗೆದುಕೊಂಡ ಮೇಲೆ ದಾಸ್ತಾನು ಪರಿಶೀಲಿಸಬೇಕಲ್ಲ? ಅವರು ಶುರುಮಾಡಿದ್ದು ಹಲ್ಲಿನಿಂದ. ಅಂದಿನಿಂದ ಲಿಫ್ಟಿನಲ್ಲಿ ಅವರ ಜೊತೆ ಸಿಕ್ಕಿಕೊಂಡವರಿಗೆ ಬಿಡುಗಡೆಯಿಲ್ಲ. “ಒಟ್ಟು 20 ಹಲ್ಲು ಸ್ವಾಮಿ. ಮೇಲೆರಡು, ಕೆಳಗೆರಡು ಬಾಚಿಹಲ್ಲು ನಮಗೆ ಕಾಣೋದು. ಉಳಿದ 16 ಒಳಗಡೆ. ಅಷ್ಟೂ ಸಾಯೋತನಕ ಬೆಳೀತಾನೇ ಇರ್ತವೆ, ರಿಟೈರ್‌ಮೆಂಟೇ ಇಲ್ಲದ ಇನ್‌ಕ್ರಿಮೆಂಟ್ ಇದ್ದ ಹಾಗೆ!” ಹಸುಗೂಸನ್ನೆತ್ತಿಕೊಂಡ ತಾಯಿ ಲಿಫ್ಟು ಹತ್ತಿದರೆ ವಿಷಯ ತುಸು ಬದಲಾಗುತ್ತದೆ: “ನಿಮ್ಮದಕ್ಕೆ ಇನ್ನೂ ಹಲ್ಲು ಬಂದಿಲ್ವೇನಮ್ಮ? ಗಿನಿಪಿಗ್ ಮರಿಗೆ ಹುಟ್ಟುವಾಗಲೇ ಇರ್ತವೆ. ಹಾಲುಹಲ್ಲಿನ ಕಥೆ ತಾಯಿಹೊಟ್ಟೆಯಲ್ಲೇ ಮುಗಿದಿರುತ್ತೆ.”

“ಇದು ಇಲೀನಾ ಸಾರ್?” ಎಂದು ಸೆಕ್ಯೂರಿಟಿಯವನು ಕೇಳಿದ್ದೇ ತಪ್ಪಾಯಿತು. ಇಲಿಯಲ್ಲ, ಹಂದಿಯೂ ಅಲ್ಲ, ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳ ಕಡೆಯದು, ಅಲ್ಲಿಯವರು ಸಾವಿರಾರು ವರ್ಷಗಳಿಂದ ಸಾಕಿಕೊಂಡು ಬಂದಿದ್ದಾರೆ ಎಂದು ಗೇಟಿನಲ್ಲೇ ಉಪನ್ಯಾಸ. ಪೆರುವಿನಲ್ಲಿ ಸಾಕುವುದು ಹುರಿದು ತಿನ್ನುವುದಕ್ಕೆ ಎಂಬ ಅಂಶವನ್ನು ಮಾತ್ರ ಮೊಮ್ಮಗಳು ಹತ್ತಿರವಿಲ್ಲದಾಗ, ತಗ್ಗಿದ ದನಿಯಲ್ಲಿ ಹೇಳುತ್ತಾರೆ.

ಬೆಳೆಯುವ ಹಲ್ಲು ಸವೆಯಲೂಬೇಕು. ಸವೆಯುವುದಕ್ಕೆ ಒಣಹುಲ್ಲು ಬೇಕು, ಅದೂ ಇಡೀ ದಿನ. ದವಡೆಯನ್ನು ಅತ್ತಿತ್ತ ಆಡಿಸಿ ನಾರನ್ನು ಅರೆದಾಗಲೇ ಒಳಗಿನ ಹಲ್ಲು ಹತೋಟಿಯಲ್ಲಿರುವುದು. ಅಂಗಡಿಯ ಬಣ್ಣಬಣ್ಣದ ಕಾಳು ತಿನ್ನಿಸಿದರೆ ಹೊಟ್ಟೆ ತುಂಬುತ್ತದೆ, ಹಲ್ಲಿಗೆ ಕೆಲಸ ಸಿಗುವುದಿಲ್ಲ. ಹೀಗಾಗಿ ಹೊರದೇಶದ ತಿಮೋತಿ ಹುಲ್ಲು ಮೂಟೆಗಟ್ಟಲೆ ಬಂದಿಳಿಯುತ್ತದೆ. “ನಮ್ಮ ಮಾವನೋರು ಕರೆಯೋ ಹಸೂಗೂ ಇಷ್ಟು ದುಡ್ಡಿನ ಹುಲ್ಲು ಹಾಕಿರಲಿಲ್ಲ” ಎನ್ನುತ್ತಾರೆ ಮನೆಯಾಕೆ. ಸಂಕಷ್ಟಿಯ ದಿನ ಮಾರ್ಕೆಟ್ಟಿನಿಂದ ತಂದ ಗರಿಕೆಯಲ್ಲಿ ಗಣಪತಿಗೆ ಸಲ್ಲುವುದು ಎಣಿಸಿ 21. ಮಿಕ್ಕ ಕಟ್ಟೆಲ್ಲ ಪಂಜರಕ್ಕೆ.

ದೊಣ್ಣೆಮೆಣಸಿನಕಾಯಿಯ ಮೇಲೂ ಅವರದೇ ಹಕ್ಕು. ಗಿನಿಪಿಗ್ಗಿಗೆ ನಮ್ಮ ಹಾಗೆಯೇ ಸಿ ವಿಟಮಿನ್ನನ್ನು ಮೈಯೊಳಗೆ ತಯಾರಿಸಿಕೊಳ್ಳಲು ಬರುವುದಿಲ್ಲ. ಕೊರತೆಯಾದರೆ ಒಸಡಿನಲ್ಲಿ ರಕ್ತ, ಕೀಲುಗಳಲ್ಲಿ ನೋವು. ಬಾತಿಗೆಂದು ಹೆಚ್ಚಿಟ್ಟ ತಟ್ಟೆಯಲ್ಲಿ ಮನೆಯಾಕೆಗೆ ಉಳಿಯುವುದು ತೊಟ್ಟು.

ಇಷ್ಟಾದರೂ ಅವರನ್ನು ನಕ್ಕು ತಳ್ಳಿಹಾಕುವಂತಿಲ್ಲ. ಗಿನಿಪಿಗ್ ಕಾಯಿಲೆ ಮುಚ್ಚಿಡುವ ಪ್ರಾಣಿ. ಬೇಟೆಯಾಗಿ ಬದುಕಿದ ಕುಲ, ನೋವನ್ನು ತೋರಿಸಿದರೆ ಉಳಿಗಾಲವಿಲ್ಲವೆಂದು ರಕ್ತದಲ್ಲೇ ಕಲಿತಿದೆ. ಅದರ ಗುಟ್ಟನ್ನು ಹೊರಗೆಳೆಯುವುದು ತಕ್ಕಡಿಯೊಂದೇ. ಇವರೋ ಪ್ರತಿ ಸೋಮವಾರ ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಸ್ಟೀಲ್ ಬೋಗುಣಿಯಿಟ್ಟು, ಅದರಲ್ಲಿ ಮಫಿನ್ನನ್ನು ಕೂರಿಸಿ, ತೂಕವನ್ನು ರಿಜಿಸ್ಟರಿಗೆ ಏರಿಸಿ ಸಹಿ ಹಾಕುವವರು. ಎರಡು ಸೋಮವಾರ ಸಾಲಾಗಿ ಅಂಕಿ ಇಳಿದಾಗ ಕೆಂಪು ಇಂಕಿನಲ್ಲಿ ಗೆರೆ ಬಿತ್ತು. ಮಫಿನ್ ಹುಲ್ಲನ್ನು ಬಾಯಿಗೆ ತೆಗೆದುಕೊಂಡು ಹಾಗೇ ಬಿಡುತ್ತಿತ್ತು. ಗಲ್ಲದ ಕೆಳಗೆ ಒದ್ದೆ. ಮುಂದಿನ ಹಲ್ಲನ್ನು ನೈಲ್‌ಕಟರಿನಲ್ಲಿ ಕತ್ತರಿಸಿ ಎಂದ ಅಂಗಡಿಯವನಿಗೆ ಸರಿಯಾಗಿ ಮಂಗಳಾರತಿ ಆಯಿತು: “ಹಲ್ಲು ಸೀಳಿಹೋದರೆ ನೀನು ಕಟ್ಟಿಕೊಡ್ತೀಯೇನಯ್ಯಾ? ತಕರಾರಿರೋದು ಹಿಂದೆ!”

ಪಶುವೈದ್ಯರ ಹಜಾರದಲ್ಲಿ ಲ್ಯಾಬ್ರಡಾರುಗಳ ನಡುವೆ ತರಕಾರಿ ಬುಟ್ಟಿ ತಬ್ಬಿ ಕೂತರು. ವೈದ್ಯರಿಗೆ ಮೊದಲು ಕೊಟ್ಟದ್ದು ರಿಜಿಸ್ಟರು, ಆಮೇಲೆ ಮಫಿನ್. ಕೆಳಗಿನ ದವಡೆಹಲ್ಲುಗಳು ಒಳಮುಖವಾಗಿ ಬೆಳೆದು ನಾಲಿಗೆಯ ಮೇಲೆ ಬಾಗುತ್ತಿದ್ದವು. ಇನ್ನಷ್ಟು ಬಿಟ್ಟಿದ್ದರೆ ಎರಡೂ ಕಡೆಯವು ಸೇತುವೆಯಾಗಿ ಕೂಡಿ ನಾಲಿಗೆಯನ್ನೇ ಒತ್ತಿಹಿಡಿಯುತ್ತಿದ್ದವು. ಅರಿವಳಿಕೆ ಕೊಟ್ಟು ಉಜ್ಜಿ ಸರಿಪಡಿಸಿದರು. ಈ ಜೀವದ ಹೊಟ್ಟೆ ಒಂದು ದಿನವೂ ಖಾಲಿ ಇರಕೂಡದು. ಕರುಳು ನಿಂತರೆ ಪ್ರಾಣಕ್ಕೇ ಸಂಚಕಾರ. ಮನೆಯಾಕೆ ಏಕಾದಶಿಯ ಉಪವಾಸದಲ್ಲಿದ್ದ ಆ ರಾತ್ರಿ, ಹೆತ್ತ ಮಕ್ಕಳಿಗೆ ಒಂದು ತುತ್ತು ತಿನ್ನಿಸಿ ಗೊತ್ತಿಲ್ಲದ ಈ ಮನುಷ್ಯ ಅಲಾರಂ ಇಟ್ಟುಕೊಂಡು ಎದ್ದು, ಕಲಸಿದ ಹಿಟ್ಟನ್ನು ಸಿರಿಂಜಿನಲ್ಲಿ ತಿನ್ನಿಸಿದರು.

ಮಫಿನ್ ಚೇತರಿಸಿಕೊಂಡಿತು. ಆ ಸೋಮವಾರ ತೂಕ ಬರೆದು ಮುಗಿಸುವಾಗ ಮನೆಯಾಕೆ ಬಾಗಿಲಲ್ಲಿ ನಿಂತು, “ನಿಮ್ಮ ದವಡೆಹಲ್ಲು ನೋಯ್ತಾ ಇದೆ ಅಂತ ಯುಗಾದಿಯಿಂದ ಒಂದೇ ಕಡೆ ಅಗೀತಿದ್ದೀರಿ. ಡಾಕ್ಟರ ಹತ್ತಿರ ಹೋಗೋದು ಯಾವಾಗ?” ಎಂದರು.

“ನಂದೇನು ಬೆಳೆಯೋ ಹಲ್ಲೇನೇ? ಅರ್ಜೆಂಟಿಲ್ಲ.”

“ಬೆಳೆಯಲ್ಲ ಅಂತಲೇ ರೀ ಹೇಳ್ತಿರೋದು. ಹೋದರೆ ಹೋದ ಹಾಗೇ.”

ಸರ್ವಿಸಿನುದ್ದಕ್ಕೂ ಬೇರೆಯವರಿಗೆ ಆಕ್ಷೇಪಣೆ ಬರೆದವರು ಪೆನ್ನಿನ ಮುಚ್ಚಳ ಹಾಕಿ ಯೋಚಿಸಿದರು. ಉತ್ತರ ಸಲ್ಲಿಸಲು ಒಂದು ತಿಂಗಳ ಕಾಲಾವಕಾಶ ಕೇಳಿದ್ದಾರೆ.