ಕಳ್ಳ ಬರುವ ಹೊತ್ತಿಗೆ ಗನ್ ಎಲ್ಲಿರುತ್ತದೆ?

ಸೈಟು ಆಯಿತು. ಮನೆ ಆಯಿತು. ಮನೆಯೇ ಕಾಣದಷ್ಟು ಎತ್ತರದ ಕಾಂಪೌಂಡೂ ಆಯಿತು. ಈಗ ಬಡಾವಣೆಯ ದೊಡ್ಡ ಮನುಷ್ಯರಿಗೆ ಗನ್ ಬೇಕಂತೆ. ಮನೆ ರಕ್ಷಣೆಗೆ.

ರಿವಾಲ್ವರ್ ಒಳ್ಳೆಯದೋ ಪಿಸ್ತೂಲ್ ಒಳ್ಳೆಯದೋ ಎಂದು ಬೆಳಗಿನ ವಾಕಿಂಗ್‌ನಲ್ಲಿ ಗಂಭೀರ ಚರ್ಚೆ. ಚರ್ಚಿಸುವವರ ಹಿತ್ತಿಲ ಬಾಗಿಲಿಗೆ ಚಿಲಕ ಕೂರುವುದಿಲ್ಲ. ಸಿಸಿಟಿವಿ ಇದೆ, ರೆಕಾರ್ಡ್ ಆಗುತ್ತಿಲ್ಲ. ಬೀಗದ ಕೈ ಚಪ್ಪಲಿ ಸ್ಟ್ಯಾಂಡಿನಲ್ಲಿದೆ ಎಂಬುದು ಪೇಪರ್ ಹಾಕುವ ಹುಡುಗನಿಗೂ ಗೊತ್ತು. ಚಿಲಕ ರಿಪೇರಿ ಮಾಡಿಸಿ ಸ್ವಾಮಿ ಎಂದರೆ ಮುಖ ಕಿವುಚುತ್ತಾರೆ. ಚಿಲಕದಲ್ಲಿ ಗತ್ತೆಲ್ಲಿದೆ?

ಸರಿ, ಆರಿಸೋಣ. 9 ಎಂಎಂ ಪಿಸ್ತೂಲ್ ಸಿನಿಮಾ ಹೀರೋಗೆ ಬಿಡಿ. ಕಾನೂನಿನ ಲೆಕ್ಕದಲ್ಲಿ ಅದು ನಿಷೇಧಿತ ಬೋರ್. ಸಾಮಾನ್ಯವಾಗಿ ಸಿಗುವುದು .32 ರಿವಾಲ್ವರ್, .32 ಪಿಸ್ತೂಲ್, ಇಲ್ಲವೇ 12 ಬೋರಿನ ಒಂಟಿ ನಳಿಗೆ ಅಥವಾ ಜೋಡಿ ನಳಿಗೆ ಕೋವಿ. ಬ್ಯಾಂಕಿನ ಬಾಗಿಲಲ್ಲಿ ನಿವೃತ್ತ ಯೋಧರು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಾರಲ್ಲ, ಆ ಕೋವಿ. ಅದು ನಮ್ಮವರಿಗೆ ಬೇಡ. ಸೊಂಟಕ್ಕೆ ಸಿಕ್ಕಿಸಲು ಬರುವುದಿಲ್ಲ. ಮನೆ ಕಾಯುವ ಆಯುಧ ಮದುವೆ ಛತ್ರದಲ್ಲಿ ನಾಲ್ಕು ಜನಕ್ಕೆ ಕಾಣಬೇಕಲ್ಲ.

ಈ ಕಾಣಿಸುವ ಚಟ ಎಲ್ಲಿಗೆ ಮುಟ್ಟಿದೆ ನೋಡಿ. ಸಂಭ್ರಮಕ್ಕೆಂದು ಬೇಕಾಬಿಟ್ಟಿ ಗುಂಡು ಹಾರಿಸಿ ಇನ್ನೊಬ್ಬರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು ಎಂದು 2019ರಲ್ಲಿ ಶಸ್ತ್ರಾಸ್ತ್ರ ಕಾಯ್ದೆಗೇ ಸೇರಿಸಬೇಕಾಯಿತು. ಅದೇ ತಿದ್ದುಪಡಿಯಲ್ಲಿ, ಒಬ್ಬರಿಗೆ ಮೂರು ಬಂದೂಕು ಎಂದಿದ್ದ ಮಿತಿಯನ್ನು ಒಂದಕ್ಕೆ ಇಳಿಸುವ ಪ್ರಸ್ತಾಪವಿತ್ತು. ಬಂದೂಕುದಾರರಿಗೆ ನೋವಾಯಿತು. ಕೊನೆಗೆ ಎರಡಕ್ಕೆ ರಾಜಿ. ಮನೆ ಒಂದು, ರಕ್ಷಣೆ ಎರಡು.

ಲೈಸೆನ್ಸಿಗೆ ಜಿಲ್ಲಾಧಿಕಾರಿಗೆ ಅರ್ಜಿ ಹಾಕಬೇಕು. ಬೆಂಗಳೂರಾದರೆ ಪೊಲೀಸ್ ಕಮಿಷನರಿಗೆ. ಪೊಲೀಸ್ ವರದಿ, ವೈದ್ಯರ ಸರ್ಟಿಫಿಕೇಟು, ತರಬೇತಿ ಪತ್ರ. ಇವೆಲ್ಲ ಹೇಗೋ ಆಗುತ್ತವೆ. ಮುಖ್ಯವಾಗಿ ಬೇಕಾದದ್ದು ಜೀವಭಯ. ನಿಮಗೆ ಮನೆ ಇದ್ದರೆ ಸಾಲದು, ಶತ್ರುಗಳೂ ಇರಬೇಕು. ಮೇಷ್ಟ್ರಿಗೆ, ಗುಮಾಸ್ತರಿಗೆ, ಕಿರಾಣಿ ಅಂಗಡಿಯವರಿಗೆ ಅಂಥ ಸೌಭಾಗ್ಯ ಎಲ್ಲಿಂದ ಬರಬೇಕು? ಪಕ್ಕದ ಸೈಟಿಗೆ ರಾತ್ರೋರಾತ್ರಿ ಬೇಲಿ ಸುತ್ತಿದವನಿಗೆ ಅದು ಧಾರಾಳವಾಗಿದೆ. ಮೀಟರ್ ಬಡ್ಡಿಗೆ ಸಾಲ ಕೊಟ್ಟವನಿಗಿದೆ. ಕೆರೆ ನುಂಗಿ ಲೇಔಟ್ ಮಾಡಿದವನಿಗಂತೂ ಊರಿಡೀ ಶತ್ರುಗಳು. ಜೀವಭಯವನ್ನು ತಾವೇ ಬಿತ್ತಿ, ತಾವೇ ಬೆಳೆದು, ಅದನ್ನೇ ಅರ್ಜಿಗೆ ಲಗತ್ತಿಸುತ್ತಾರೆ.

ಗನ್ ಬಂತು ಎನ್ನೋಣ. ಎಲ್ಲಿಡುತ್ತೀರಿ? ಮಕ್ಕಳ ಕೈಗೆ ಸಿಗದಂತೆ ಬೀರುವಿನೊಳಗೆ, ಬೀಗ ಹಾಕಿ, ಗುಂಡು ತೆಗೆದು, ಗುಂಡನ್ನು ಬೇರೆ ಕಡೆ ಇಡಬೇಕು. ಜವಾಬ್ದಾರಿಯುತ ಮನುಷ್ಯ ಇಡುವುದೇ ಹಾಗೆ. ಇನ್ನು ರಾತ್ರಿ ಎರಡು ಗಂಟೆಗೆ ಕಳ್ಳ ಬಂದರೆ ಅವನಿಗೆ ವಿನಂತಿಸಿಕೊಳ್ಳಿ. ಅಪ್ಪಾ, ಕೂತಿರು, ಬೀರುವಿನ ಕೀ ನಮ್ಮವಳ ಹತ್ತಿರ ಇದೆ, ಗುಂಡು ಅಟ್ಟದ ಮೇಲಿದೆ, ಕನ್ನಡಕ ಎಲ್ಲಿಟ್ಟೆನೋ ಕಾಣೆ.

ಅಷ್ಟಕ್ಕೂ ಕಳ್ಳ ನಿಮ್ಮಷ್ಟು ದಡ್ಡನಲ್ಲ. ನೀವು ತಿರುಪತಿಗೆ ಹೋದಾಗ ಬರುತ್ತಾನೆ. ಹೊರಟ ದಿನವೇ ಗೋಪುರದ ಮುಂದಿನ ಸೆಲ್ಫಿ ಹಾಕಿ ಊರಿಗೆಲ್ಲ ಸಾರಿರುತ್ತೀರಿ. ಬಂದವನು ಸರ, ಬಳೆ, ಬೆಳ್ಳಿ ತಟ್ಟೆಯ ಜೊತೆ ಬೀರುವಿನ ಗನ್ನೂ ಎತ್ತಿಕೊಂಡು ಹೋಗುತ್ತಾನೆ. ಈಗ ಜೀವಭಯ ಪಕ್ಕದ ಬೀದಿಗೂ ಬಂತು. ನೀವು ಠಾಣೆಯಲ್ಲಿ ಕೂತು, ಇಲಿ ಹಿಡಿಯಲು ತಂದ ಬೋನು ಕಳೆದುಕೊಂಡವರ ಹಾಗೆ, ಕಳ್ಳನನ್ನು ಹೆದರಿಸಲು ತಂದಿದ್ದನ್ನು ಕಳ್ಳ ಒಯ್ದ ಎಂದು ದೂರು ಬರೆಸಬೇಕು.

ಮನೆಗೆ ನುಗ್ಗಿದರೆ ಹೊಡೆದು ಮಲಗಿಸುತ್ತೇನೆ ಎಂದು ಎದೆ ಉಬ್ಬಿಸುವವರಿದ್ದಾರೆ. ಭಾರತೀಯ ನ್ಯಾಯ ಸಂಹಿತೆ ಆತ್ಮರಕ್ಷಣೆಯ ಹಕ್ಕು ಕೊಟ್ಟಿದೆ, ನಿಜ. ಸೂರ್ಯಾಸ್ತದ ನಂತರ, ಸೂರ್ಯೋದಯಕ್ಕೆ ಮುನ್ನ ಮನೆ ಒಡೆದು ನುಗ್ಗುವವನ ವಿಷಯದಲ್ಲಿ ಆ ಹಕ್ಕು ಪ್ರಾಣ ತೆಗೆಯುವವರೆಗೂ ಹೋಗಬಹುದು. ಆದರೆ 37ನೇ ಕಲಂ ಓದಿದ್ದೀರಾ? ರಕ್ಷಣೆಗೆ ಬೇಕಾದ್ದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಸರ್ಕಾರಿ ರಕ್ಷಣೆ ಪಡೆಯಲು ಸಮಯವಿದ್ದರೆ ಆ ಹಕ್ಕೇ ಇಲ್ಲ. ಗೋಡೆ ಹಾರಿ ಓಡುತ್ತಿರುವವನ ಬೆನ್ನಿಗೆ ಗುರಿಯಿಟ್ಟಿರೋ, ಕಟಕಟೆಯಲ್ಲಿ ನಿಲ್ಲುವವರು ನೀವೇ. ವಕೀಲರ ಫೀಸಿನಲ್ಲಿ ಊರಿಗೆಲ್ಲ ಚಿಲಕ ಹಾಕಿಸಬಹುದಿತ್ತು.

ಅಮೆರಿಕದಲ್ಲಿ ಎಲ್ಲರ ಮನೆಯಲ್ಲೂ ಇದೆಯಲ್ಲ ಎಂಬ ವಾದ ಬರುತ್ತದೆ, ಮಗ ಅಲ್ಲಿರುವವರಿಂದ. ಅಲ್ಲಿಯದೇ ಕತೆ ಕೇಳಿ. ಆರ್ಥರ್ ಕೆಲ್ಲರ್ಮನ್ ಮತ್ತು ಸಂಗಡಿಗರು 1993ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬಂದೂಕು ಇರುವ ಮನೆಯಲ್ಲಿ ಕೊಲೆಯ ಅಪಾಯ ಸುಮಾರು 2.7 ಪಟ್ಟು. ಅವರು ನೋಡಿದ ಕೊಲೆಗಳಲ್ಲಿ ಮುಕ್ಕಾಲು ಪಾಲು ಮಾಡಿದವರು ನೆಂಟರು, ಪರಿಚಿತರು. ಬಂದೂಕು ಪ್ರಿಯರು ಕೆಂಡವಾದರು. ಸಿಟ್ಟು ಬಂದೂಕಿನ ಮೇಲಲ್ಲ, ಅಧ್ಯಯನದ ಮೇಲೆ. 1996ರಲ್ಲಿ ಅಲ್ಲಿನ ಸಂಸತ್ತು ಆ ಸಂಶೋಧನೆಗೆ ಹೋಗುತ್ತಿದ್ದ ದುಡ್ಡಿಗೇ ಕತ್ತರಿ ಹಾಕಿತು. ಎಂಥ ಉಪಾಯ! ಜ್ವರ ಬಂದರೆ ಥರ್ಮಾಮೀಟರ್ ಒಡೆದರಾಯಿತು.

ನಾವೇನು ಕಡಿಮೆಯೇ? ದೆಹಲಿಯ ನಿರ್ಭಯಾ ಪ್ರಕರಣದ ನಂತರ ದೇಶ ರೊಚ್ಚಿಗೆದ್ದಾಗ ಕಾನ್ಪುರದ ಸರ್ಕಾರಿ ಕಾರ್ಖಾನೆ 2014ರ ಜನವರಿಯಲ್ಲಿ ಉತ್ತರ ಕೊಟ್ಟಿತು. ಹೆಂಗಸರಿಗಾಗಿ ‘ನಿರ್ಭೀಕ್’ ರಿವಾಲ್ವರ್. ಅರ್ಧ ಕೆ.ಜಿ. ಆಸುಪಾಸಿನ ತೂಕ, ಒಡವೆಯ ಪೆಟ್ಟಿಗೆಯಂಥ ಪೆಟ್ಟಿಗೆ, ಬೆಲೆ 1.22 ಲಕ್ಷ ರೂಪಾಯಿ. ರಾತ್ರಿ ಪಾಳಿ ಮುಗಿಸಿ ಬಸ್‌ಸ್ಟಾಪಿನಲ್ಲಿ ನಿಂತ ಗಾರ್ಮೆಂಟ್ಸ್ ಹೆಣ್ಣುಮಗಳು ಚೀಲದಿಂದ ತೆಗೆದು ತೋರಿಸುತ್ತಾಳೆ, ಅಲ್ಲವೇ? ಅವಳು ಕೇಳಿದ್ದು ಬೀದಿದೀಪ.

ಬಂದೂಕು ನಿಜಕ್ಕೂ ಕೆಲಸಕ್ಕೆ ಬೇಕಾದವನು ಇನ್ನೊಬ್ಬನಿದ್ದಾನೆ. ಮಲೆನಾಡಿನ ರೈತ. ಗದ್ದೆಗೆ ಹಂದಿ, ತೋಟಕ್ಕೆ ಮಂಗ. ಅವನಿಗೆ ಬೆಳೆ ರಕ್ಷಣೆಗೆಂದು ಲೈಸೆನ್ಸ್ ಕೊಡುತ್ತಾರೆ. ಈಡು ಹಾರಿಸಬಹುದು, ಆದರೆ ಅನುಮತಿಯಿಲ್ಲದೆ ಹೊಡೆದ ಈಡು ಹಂದಿಗೆ ತಗುಲಿದರೆ ಅರಣ್ಯ ಇಲಾಖೆಯ ಕೇಸು. ಚುನಾವಣೆ ಬಂದರೆ ಆ ಕೋವಿಯೂ ಠಾಣೆಗೆ. 2023ರ ಮೇನಲ್ಲಿ ವಿಧಾನಸಭೆ, 2024ರಲ್ಲಿ ಲೋಕಸಭೆ. ಯಾರ ಕೋವಿಯಿಂದ ಅಪಾಯ ಎಂದು ಪರಿಶೀಲಿಸಿ ತೀರ್ಮಾನಿಸಲು ಸಮಿತಿ ಇದೆ. ಪರಿಶೀಲಿಸಲು ಯಾರಿಗೆ ಪುರುಸೊತ್ತು? ಎಲ್ಲರೂ ತಂದಿಡಿ ಎಂದರೆ ಮುಗಿಯಿತು. ರಜಾ ಹಾಕಿ ಬಸ್ ಹತ್ತಿ ಕೋವಿ ಒಪ್ಪಿಸಿ ರಸೀದಿ ತಂದವನು, ರಾತ್ರಿ ಡಬ್ಬ ಬಡಿದು ಹಂದಿ ಓಡಿಸುತ್ತಾನೆ. ಹಂದಿಗಳಿಗೆ ನೀತಿ ಸಂಹಿತೆ ಇಲ್ಲ.

ಅದೇ ದಿನ ಅದೇ ಊರಿಗೆ ಮುಖಂಡರೊಬ್ಬರು ವೋಟು ಕೇಳಲು ಬರುತ್ತಾರೆ. ಹಿಂದೆ ಗನ್‌ಮ್ಯಾನ್. ನಿಮ್ಮ ಮನೆಮಗ ಎಂದು ಕೈಮುಗಿಯುತ್ತಾರೆ. ಸ್ವಂತ ಮನೆಗೆ ಬರಲು ಬಂದೂಕಿನ ಕಾವಲು ಬೇಕಾದ ಮಗ.

ಇನ್ನು ಲೈಸೆನ್ಸೇ ಇಲ್ಲದ ಬಂದೂಕಿನ ಮಾತು. ಧಾರವಾಡದಲ್ಲಿ 2015ರ ಆಗಸ್ಟ್ 30ರಂದು ಸಂಶೋಧಕ ಎಂ.ಎಂ. ಕಲಬುರ್ಗಿಯವರನ್ನು ಅವರ ಮನೆಯಲ್ಲೇ ಕೊಂದರು. ಬೆಂಗಳೂರಿನಲ್ಲಿ 2017ರ ಸೆಪ್ಟೆಂಬರ್ 5ರಂದು ಪತ್ರಕರ್ತೆ ಗೌರಿ ಲಂಕೇಶ್ ಅವರನ್ನು ಮನೆಯ ಮುಂದೆಯೇ ಕೊಂದರು. ತನಿಖೆ ಹೇಳಿದ್ದು ನಾಡ ಪಿಸ್ತೂಲ್ ಎಂದು. ಅದನ್ನು ಹಿಡಿದು ಬಂದವರು ಯಾವ ಕಚೇರಿಯಲ್ಲೂ ಕ್ಯೂ ನಿಂತಿರಲಿಲ್ಲ. ನಾಡ ಪಿಸ್ತೂಲಿಗೆ ವೈದ್ಯರ ಸರ್ಟಿಫಿಕೇಟು ಬೇಕಿಲ್ಲ, ಚುನಾವಣೆಗೆ ಠಾಣೆಯಲ್ಲಿ ಇಡಬೇಕಿಲ್ಲ. ಫಾರಂ ತುಂಬುವವರನ್ನು ನಿಗಾ ಇಟ್ಟು ನೋಡುವ ವ್ಯವಸ್ಥೆಗೆ, ಫಾರಂ ತುಂಬದವರು ಕಣ್ಣಿಗೆ ಬೀಳುವುದು ಹೆಣ ಬಿದ್ದ ಮೇಲೆ.

ಇತ್ತ ಬಡಾವಣೆಯ ಗೇಟಿನಲ್ಲಿ ವಾಚ್‌ಮನ್ ಇದ್ದಾನೆ. ಹನ್ನೆರಡು ಗಂಟೆ ಪಾಳಿ, ಕೈಯಲ್ಲೊಂದು ಕೋಲು. ಸಂಬಳ ಐನೂರು ಹೆಚ್ಚಿಸಿ ಎಂದು ಕೇಳಿದ್ದ. ಫಂಡ್ ಇಲ್ಲ ಎಂದಿತು ಅಸೋಸಿಯೇಷನ್. ಹಾಗೆಂದವರಲ್ಲಿ ಮೂವರು .32ರ ರೇಟು ವಿಚಾರಿಸಿ ಬಂದವರು. ಟಾರ್ಚಿಗೆ ಹೊಸ ಸೆಲ್ ಕೊಡಿಸಿ ಎಂಬ ಅವನ ಇನ್ನೊಂದು ಅರ್ಜಿಯನ್ನು ಮುಂದಿನ ಮೀಟಿಂಗಿಗೆ ಇಟ್ಟಿದ್ದಾರೆ.