ಮಿನುಗುತಾರೆಗೆ ಖಾತೆ ಬೇಕಿಲ್ಲ

ದಕ್ಷಿಣ ಬೆಂಗಳೂರಿನಲ್ಲಿ ಸತ್ತ ಟಾಕೀಸಿಗೆ ಬಸ್ ಸ್ಟಾಪಾಗಿ ಪುನರ್ಜನ್ಮವಿದೆ. ಜಯನಗರದ ನಂದಾ ಮುಚ್ಚಿ ಎಷ್ಟೋ ಕಾಲವಾದರೂ ಕಂಡಕ್ಟರನ ಬಾಯಲ್ಲಿ ಅದು ಹೌಸ್‌ಫುಲ್. ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನಲ್ಲಿ ಪುಟ್ಟಣ್ಣ ಕಣಗಾಲರ ಹೆಸರಿನ ಚಿತ್ರಮಂದಿರವಿತ್ತು, ಅದನ್ನೂ ಕೆಡವಿದರು. ಇರಲಿ, ಕೆಡವುವುದಕ್ಕಾದರೂ ನಿರ್ದೇಶಕರ ಹೆಸರಲ್ಲೊಂದು ಕಟ್ಟಡ ಇತ್ತಲ್ಲ! ಅವರ ನಾಯಕಿ ಕಲ್ಪನಾಗೆ ನಾವು ಕೊಟ್ಟದ್ದು ಬಿರುದು: ಮಿನುಗುತಾರೆ. ಬಿರುದಿಗೆ ಸೈಟು ಬೇಡ, ಖಾತೆ ಬೇಡ, ಕಂದಾಯದ ರಗಳೆಯಂತೂ ಇಲ್ಲವೇ ಇಲ್ಲ.

1963ರಲ್ಲಿ ನಿರ್ದೇಶಕ ಪಂತುಲು ಅವರ ‘ಸಾಕು ಮಗಳು’. 1967ರಲ್ಲಿ ‘ಬೆಳ್ಳಿಮೋಡ’. ಆಮೇಲೆ ‘ಗೆಜ್ಜೆಪೂಜೆ’, 1971ರಲ್ಲಿ ‘ಶರಪಂಜರ’. ತ್ರಿವೇಣಿಯವರ ಕಾದಂಬರಿಯಿಂದ ಬಂದ, ಕಲ್ಪನಾ ಅಭಿನಯಿಸಿದ ಆ ಕಾವೇರಿ ಮಾನಸಿಕ ಚಿಕಿತ್ಸೆ ಮುಗಿಸಿ, ಚೆನ್ನಾಗಿಯೇ ಮನೆಗೆ ಬರುತ್ತಾಳೆ. ಮನೆಯವರು, ನೆಂಟರು, ನೆರೆಯವರು ಅವಳನ್ನು ಅನುಮಾನದಿಂದ ನೋಡಿ ನೋಡಿಯೇ ಮತ್ತೆ ಹುಚ್ಚಿಗೆ ತಳ್ಳುತ್ತಾರೆ. ಊರಿಗೂರೇ ಸೆರಗು, ಕರವಸ್ತ್ರ ಒದ್ದೆ ಮಾಡಿಕೊಂಡು ನೋಡಿತು. ಹೊರಗೆ ಬಂದು, ಅದೇ ನೆರೆಹೊರೆಯ ಪಾತ್ರವನ್ನು ಮೇಕಪ್ಪಿಲ್ಲದೆ ಅಭಿನಯಿಸಿತು. ಕಲ್ಪನಾಗೆ ಹಠವಂತೆ. ಸಿಟ್ಟಂತೆ. ಸೆಟ್ಟಿಗೆ ತಡವಾಗಿ ಬರುತ್ತಾಳಂತೆ. ನಾಯಕ ತಡವಾಗಿ ಬಂದರೆ ಅದು ‘ಎಂಟ್ರಿ’.

ಪುಟ್ಟಣ್ಣನವರ ಕ್ಯಾಮೆರಾ ನಟಿ ಆರತಿಯವರತ್ತ ತಿರುಗಿತು. ನಿರ್ದೇಶಕನ ಸ್ವಾತಂತ್ರ್ಯ, ತಕರಾರಿಲ್ಲ. ಆದರೆ ಒಬ್ಬರ ಕ್ಯಾಮೆರಾ ತಿರುಗಿದೊಡನೆ ಸಿನಿಮಾದವರ ಇಡೀ ಗಾಂಧಿನಗರಕ್ಕೆ ಕತ್ತು ಉಳುಕಬೇಕೆ? 1976ರ ‘ಬಯಲುದಾರಿ’ ಗೆದ್ದರೂ ಅವಕಾಶಗಳು ಕರಗುತ್ತಲೇ ಹೋದವು. ಕಲ್ಪನಾ ಗುಡಿಗೇರಿ ಬಸವರಾಜರ ನಾಟಕ ಕಂಪನಿ ಸೇರಿ ಊರೂರು ಸುತ್ತಿದರು. 1979ರ ಮೇ ತಿಂಗಳಲ್ಲಿ, ಸಂಕೇಶ್ವರದ ಬಳಿಯ ಗೋಟೂರಿನ ಪ್ರವಾಸಿ ಬಂಗಲೆಯಲ್ಲಿ ತೀರಿಕೊಂಡರು. ವಯಸ್ಸು 35.

ನಮ್ಮ ಉದ್ಯಮದಲ್ಲಿ ನಾಯಕನಿಗೆ 35 ಅಂದರೆ ಕಾಲೇಜಿಗೆ ಅಡ್ಮಿಷನ್ ಆಗುವ ವಯಸ್ಸು. 1974ರ ‘ಎರಡು ಕನಸು’ ಚಿತ್ರದಲ್ಲಿ ಕಲ್ಪನಾಗೆ ಜೋಡಿಯಾಗಿದ್ದ ರಾಜ್‌ಕುಮಾರ್ ಆಕೆಗಿಂತ 14 ವರ್ಷ ದೊಡ್ಡವರು. 2000ದ ‘ಶಬ್ದವೇಧಿ’ಯಲ್ಲೂ ಅವರೇ ನಾಯಕರು. ಅಣ್ಣಾವ್ರನ್ನು ಅಂದರೆ ನನ್ನ ಮನೆ ಕಿಟಕಿಗೆ ಗಾಜು ಉಳಿಯುವುದಿಲ್ಲ, ಹಾಗಾಗಿ ಅನ್ನುವುದಿಲ್ಲ. ಲೆಕ್ಕ ಹೇಳಿದೆ, ಅಷ್ಟೆ.

ಸತ್ತ ಮೇಲೆ ಮಾತ್ರ ನಾಯಕಿಗೆ ನಮ್ಮಲ್ಲಿ ಒಳ್ಳೆಯ ಮಾರ್ಕೆಟ್ಟು. ಕಲ್ಪನಾ ಬದುಕಿನ ನೆರಳಿದ್ದ ‘ಅಭಿನೇತ್ರಿ’ 2015ರಲ್ಲಿ ತೆರೆಗೆ ಬಂತು. ವರ್ಷಕ್ಕೊಮ್ಮೆ ವಾಟ್ಸಾಪಿನಲ್ಲಿ ಕೈಮುಗಿದ ಇಮೋಜಿಯೊಂದಿಗೆ ‘ಮತ್ತೆ ಹುಟ್ಟಿ ಬಾ ತಾಯಿ’ ಎಂಬ ಫೋಟೊ ಬರುತ್ತದೆ. ಹುಟ್ಟಿ ಬಂದರೆ ಯಾವ ಪಾತ್ರ ಕೊಡುತ್ತಾರೋ! ಬಹುಶಃ ನಾಯಕನ ಅತ್ತಿಗೆ.

ಈಗಿನ ನಾಯಕಿಯರ ಕಥೆ ಇನ್ನೂ ಬೇಗ ಮುಗಿಯುತ್ತದೆ. ಜಯನಗರದ ಮಾಧವನ್ ಪಾರ್ಕಿನಲ್ಲಿ ಬೆಳಗಿನ ವಾಕಿಂಗ್ ಮುಗಿಸಿದ ಹಿರಿಯರು ಬೆಂಚಿನ ಮೇಲೆ ಕೂತು, ಬೀಪಿ ಮಾತ್ರೆಯ ಚರ್ಚೆಯ ನಡುವೆಯೇ ತೀರ್ಪು ಕೊಟ್ಟುಬಿಡುತ್ತಾರೆ:

‘ಆ ಹುಡುಗೀದು ಮುಗೀತು ಬಿಡ್ರೀ. ಎರಡು ಪಿಕ್ಚರ್ ತೋಪಾಯ್ತಲ್ಲ. ದಪ್ಪ ಬೇರೆ ಆಗಿದಾಳೆ.’

‘ಮತ್ತೆ ನಮ್ಮ ಹೀರೋದು ಸಾಲಾಗಿ ಎಂಟು ತೋಪಾಯ್ತಲ್ಲ ಸ್ವಾಮಿ?’

‘ಅಯ್ಯೋ ಪಾಪ, ಅವನಿಗೆ ಒಳ್ಳೇ ಹೀರೋಯಿನ್ನೇ ಸಿಗ್ತಿಲ್ಲ ಕಣ್ರೀ!’